ಕೈಗಾ ಕಾಡಿನಲ್ಲಿ ಹಕ್ಕಿಗಳ ಲೆಕ್ಕ

ಜನವರಿ ತಿಂಗಳಲ್ಲಿ ಕಾಳಿ ನದಿಯ ಕಣಿವೆಗೆ ಬೆಳಕು ತಡವಾಗಿ ಇಳಿಯುತ್ತದೆ. ಎರಡೂ ಕಡೆ ಗುಡ್ಡ. ಮರಗಳಿಂದ ಇಬ್ಬನಿ ತೊಟ್ಟಿಕ್ಕುವ ಸದ್ದು. 2010ರ ದಶಕದಲ್ಲಿ ಇಂಥ ಬೆಳಗುಗಳಲ್ಲಿ, ವರ್ಷಕ್ಕೊಮ್ಮೆ, ಕೈಗಾ ಸುತ್ತಲಿನ ಕಾಡುದಾರಿಗಳಲ್ಲಿ ಪುಟ್ಟ ಪುಟ್ಟ ಗುಂಪುಗಳು ಸದ್ದಿಲ್ಲದೆ ನಡೆದುಹೋಗುತ್ತಿದ್ದವು. ಕುತ್ತಿಗೆಗೆ ದುರ್ಬೀನು, ಜೇಬಿನಲ್ಲಿ ಪೆನ್ನು, ಕೈಯಲ್ಲಿ ನೋಟ್‌ಬುಕ್ಕು. ನಾಲ್ಕು ಜನ ಒಂದೇ ಮರದ ನೆತ್ತಿಯನ್ನು ದಿಟ್ಟಿಸುವುದು, ಪಿಸುಮಾತಿನಲ್ಲಿ ಚರ್ಚಿಸುವುದು, ಏನನ್ನೋ ಬರೆದುಕೊಂಡು ಮುಂದೆ ಹೋಗುವುದು. ದೂರದಿಂದ ನೋಡಿದವರಿಗೆ ಸರ್ವೆ ಇಲಾಖೆಯವರೇನೋ ಎನ್ನಿಸಬೇಕು. ಸರ್ವೆಯವರು ಬಂದರೆಂದರೆ ಯಾವುದೋ ಹೊಸ ಯೋಜನೆ ಬಂತೆಂದೇ ಅರ್ಥ ಮಾಡಿಕೊಳ್ಳುವ ಸೀಮೆ ಇದು. ಆದರೆ ಇವರು ನೆಲ ಅಳೆಯಲು ಬಂದವರಲ್ಲ, ಹಕ್ಕಿ ಎಣಿಸಲು ಬಂದವರು.

‘ಕೈಗಾ ಬರ್ಡ್ ಮ್ಯಾರಥಾನ್’ ಎಂದು ಇದಕ್ಕೆ ಹೆಸರು. ಮ್ಯಾರಥಾನ್ ಎಂದ ಮಾತ್ರಕ್ಕೆ ಯಾರೂ ಓಡುವುದಿಲ್ಲ. ಓಡಿದರೆ ಹಕ್ಕಿ ಕಾಣುವುದೂ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಗೊತ್ತುಮಾಡಿದ ದಾರಿಯಲ್ಲಿ ನಡೆದು, ಕಂಡ ಮತ್ತು ಕೇಳಿದ ಹಕ್ಕಿಗಳನ್ನೆಲ್ಲ ಪಟ್ಟಿ ಮಾಡಿ, ಕೊನೆಗೆ ಎಲ್ಲ ಗುಂಪುಗಳ ಪಟ್ಟಿಗಳನ್ನು ಸೇರಿಸುವುದು ಇದರ ಕ್ರಮ. ಕೈಗಾ ಅಣು ವಿದ್ಯುತ್ ಸ್ಥಾವರವನ್ನು ನಡೆಸುವ ಭಾರತೀಯ ಅಣು ವಿದ್ಯುತ್ ನಿಗಮವು ತನ್ನ ಎಲ್ಲ ಸ್ಥಾವರಗಳ ಸುತ್ತ ನಡೆಸುವ ಪರಿಸರ ಪಾಲನಾ ಕಾರ್ಯಕ್ರಮದ ಭಾಗ ಇದು. ಕಾರ್ಯಕ್ರಮ ನಿಗಮದ್ದಾದರೂ ಕೆಲಸ ಸ್ವಯಂಸೇವಕರದ್ದು. ವಾರವಿಡೀ ಟರ್ಬೈನು, ಪಂಪು, ಲೆಕ್ಕಪತ್ರಗಳ ನಡುವೆ ದುಡಿಯುವ ನೌಕರರು ಮತ್ತು ಹೊರಗಿನಿಂದ ಬರುವ ಪಕ್ಷಿವೀಕ್ಷಕರು ಸೇರಿ ಮಾಡುವಂಥದ್ದು.

ಹಕ್ಕಿ ಎಣಿಸಿ ಏನು ಪ್ರಯೋಜನ? ಈ ಪ್ರಶ್ನೆ ಹೊಸದಲ್ಲ. ಅಕ್ಬರನು ಬೀರಬಲನಿಗೆ ಊರಿನಲ್ಲಿ ಎಷ್ಟು ಕಾಗೆಗಳಿವೆ ಎಂದು ಕೇಳಿದ ಕತೆಯನ್ನು ನಾವೆಲ್ಲ ಪ್ರಾಥಮಿಕ ಶಾಲೆಯಲ್ಲೇ ಕೇಳಿದ್ದೇವೆ. ಬೀರಬಲ ಬಾಯಿಗೆ ಬಂದ ಒಂದು ಸಂಖ್ಯೆ ಹೇಳುತ್ತಾನೆ. ಎಣಿಸಿದಾಗ ಹೆಚ್ಚು ಬಂದರೆ ನೆಂಟರು ಬಂದಿದ್ದಾರೆ, ಕಡಿಮೆ ಬಂದರೆ ಇಲ್ಲಿನವು ನೆಂಟರ ಮನೆಗೆ ಹೋಗಿವೆ ಎನ್ನುತ್ತಾನೆ. ಆಸ್ಥಾನ ನಗುತ್ತದೆ. ಕತೆ ಅಲ್ಲಿಗೆ ಮುಗಿಯುತ್ತದೆ. ಆದರೆ ಬೀರಬಲ ಗೆದ್ದಿದ್ದು ಏಕೆ ಎಂದು ಸ್ವಲ್ಪ ಯೋಚಿಸಿ. ಹಿಂದಿನ ವರ್ಷದ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ. ಲೆಕ್ಕ ಇಲ್ಲದ ಊರಿನಲ್ಲಿ ಯಾರು ಯಾವ ಸಂಖ್ಯೆಯನ್ನಾದರೂ ಹೇಳಬಹುದು. ಕೈಗಾದ ಇತಿಹಾಸ ಬಲ್ಲವರಿಗೆ ಇದು ಬರೀ ನಗೆಯ ಮಾತಲ್ಲ.

ಈ ಕಣಿವೆಯಲ್ಲಿ ಹಕ್ಕಿಗಳ ಪಟ್ಟಿ ಬರೆಯುವ ಅಭ್ಯಾಸ ನೂರು ವರ್ಷಕ್ಕೂ ಹಿಂದಿನದು ಎಂಬುದು ಹೆಚ್ಚಿನವರಿಗೆ ತಿಳಿದಿರಲಾರದು. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಕಾರವಾರ ಜಿಲ್ಲಾ ಕೇಂದ್ರವಾಯಿತು. ಕಡಲು, ಬಂದರು, ಕಚೇರಿ, ಒಂದಿಷ್ಟು ಬಂಗಲೆಗಳು. ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ತರುಣ ರವೀಂದ್ರನಾಥ ಠಾಕೂರರು 1883ರಲ್ಲಿ ಬಂದು ತಂಗಿದ್ದ ಸಂಗತಿಯನ್ನು ಕಾರವಾರದವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಕಡಲತೀರಕ್ಕೂ ಅವರದೇ ಹೆಸರು. ಆದರೆ ಅದಾದ ಕೆಲವೇ ವರ್ಷಗಳಲ್ಲಿ ಇದೇ ಊರಿನಲ್ಲಿ ಜತೆಗೂಡಿದ್ದ ಮೂವರು ಅಧಿಕಾರಿಗಳನ್ನು ಊರು ಮರೆತಿದೆ.

ಒಬ್ಬರು ಜಿಲ್ಲೆಯ ಕಲೆಕ್ಟರ್ ಜೇಮ್ಸ್ ಡೇವಿಡ್‌ಸನ್. ಇನ್ನೊಬ್ಬರು ಸುಂಕ ಮತ್ತು ಉಪ್ಪಿನ ಇಲಾಖೆಯ ಎಡ್ವರ್ಡ್ ಹ್ಯಾಮಿಲ್ಟನ್ ಐಟ್‌ಕೆನ್. ‘ಈಹಾ’ ಎಂಬ ಹೆಸರಿನಲ್ಲಿ ತಮಾಷೆಯಾಗಿ ನಿಸರ್ಗದ ಬಗ್ಗೆ ಬರೆಯುತ್ತಿದ್ದ ಇವರು 1883ರಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸ್ಥಾಪಕರಲ್ಲಿ ಒಬ್ಬರು. ಮೂರನೆಯವರು ಅರಣ್ಯ ಇಲಾಖೆಯ ಟಿ.ಆರ್. ಬೆಲ್. ಮೂವರ ಉದ್ಯೋಗ ಬೇರೆ ಬೇರೆ, ಹುಚ್ಚು ಒಂದೇ. ಕಚೇರಿ ಮುಗಿದ ಮೇಲೆ ಇವರು ಕಂಬಳಿಹುಳ ಸಾಕುತ್ತಿದ್ದರು.

ಕಂಬಳಿಹುಳ ಸಾಕುವುದರಲ್ಲಿ ಏನಿದೆ ಎನ್ನಬೇಡಿ. ಆ ಕಾಲದಲ್ಲಿ ಚಿಟ್ಟೆ ಎಂದರೆ ಹಿಡಿದು, ಸೂಜಿ ಚುಚ್ಚಿ, ಪೆಟ್ಟಿಗೆಯಲ್ಲಿ ಇಡುವ ವಸ್ತು. ಅದರ ಬಾಲ್ಯ ಯಾವ ಗಿಡದ ಮೇಲೆ ಕಳೆಯಿತು, ಯಾವ ಎಲೆ ತಿಂದು ಬೆಳೆಯಿತು ಎಂಬುದು ಬಹುತೇಕ ಚಿಟ್ಟೆಗಳ ವಿಷಯದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬೇಕಾದರೆ ಮೊಟ್ಟೆಯನ್ನೋ ಹುಳುವನ್ನೋ ಗಿಡದ ಸಮೇತ ತರಬೇಕು, ದಿನವೂ ಅದೇ ಎಲೆ ಒದಗಿಸಬೇಕು, ಚಿಟ್ಟೆ ಹೊರಬರುವ ತನಕ ಕಾಯಬೇಕು. ತಪ್ಪಾದ ಎಲೆ ಕೊಟ್ಟರೆ ಹುಳು ಉಪವಾಸ ಸಾಯುತ್ತದೆಯೇ ಹೊರತು ಮುಟ್ಟುವುದಿಲ್ಲ. ಈಶ್ವರಿ ಬಳ್ಳಿಯ ಜಾತಿಯ ಬಳ್ಳಿಗಳಿಲ್ಲದ ಕಡೆ ನಮ್ಮ ರಾಜ್ಯದ ಚಿಟ್ಟೆಯಾದ ಸಹ್ಯಾದ್ರಿಯ ಬರ್ಡ್‌ವಿಂಗ್ ಇರಲಾರದು ಎಂದು ಇಂದು ನಾವು ಸರಾಗವಾಗಿ ಹೇಳುತ್ತೇವಲ್ಲ, ಅಂಥ ಜ್ಞಾನ ಕೂಡಿಬಂದಿದ್ದು ಹೀಗೆ ಎಲೆ ಒದಗಿಸಿದವರಿಂದ. ಈ ಮೂವರು ಸೇರಿ ಬರೆದ ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳ ಲೇಖನಮಾಲೆ 1896ರಿಂದ 1898ರವರೆಗೆ ಸೊಸೈಟಿಯ ನಿಯತಕಾಲಿಕದಲ್ಲಿ ಬಂತು. 1898ರಲ್ಲಿ ಅದೇ ಪತ್ರಿಕೆಯಲ್ಲಿ ಡೇವಿಡ್‌ಸನ್ ಉತ್ತರ ಕನ್ನಡದ ಹಕ್ಕಿಗಳ ಪಟ್ಟಿಯನ್ನೂ ಪ್ರಕಟಿಸಿದರು.

ಅವರನ್ನು ಹೊಗಳುವಾಗ ಒಂದು ಮಾತು ಸೇರಿಸಬೇಕು. ಆ ಕಾಲದ ಹಕ್ಕಿ ಲೆಕ್ಕ ಕೋವಿಯ ಲೆಕ್ಕ. ಹೊಡೆದು, ಕೈಯಲ್ಲಿ ಹಿಡಿದು, ಅಳೆದು ಹೆಸರಿಡುವುದು. ಡೇವಿಡ್‌ಸನ್‌ರಿಗೆ ಮೊಟ್ಟೆ ಸಂಗ್ರಹದ ಗೀಳೂ ಇತ್ತು. ಜತೆಗೆ, ಇವರಿಗೆ ಬಿಡುವು ಒದಗಿಸಿದ ಸಂಬಳ ಇದೇ ಜಿಲ್ಲೆಯ ರೈತರ ಕಂದಾಯದಿಂದ, ಉಪ್ಪಿನ ಸುಂಕದಿಂದ ಬಂದದ್ದು. ಆ ಉಪ್ಪಿನ ಕಾನೂನನ್ನು 1930ರಲ್ಲಿ ಅಂಕೋಲೆಯ ಜನ ಮುರಿದದ್ದು ಬೇರೆಯೇ ಕತೆ. ಆದರೂ ಬೆಲ್ ವಿಷಯದಲ್ಲಿ ನನಗೆ ಸ್ವಲ್ಪ ಪಕ್ಷಪಾತವಿದೆ. ಮುಂಬಯಿ ಪ್ರಾಂತದ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಯಾಗಿ 1920ರಲ್ಲಿ ನಿವೃತ್ತರಾದ ಮೇಲೆ ಅವರು ಸ್ವದೇಶಕ್ಕೆ ಹೋಗಲಿಲ್ಲ. ಕಾರವಾರದಲ್ಲೇ ಉಳಿದರು. 1948ರಲ್ಲಿ ಇಲ್ಲೇ ತೀರಿಕೊಂಡರು. ಆ ಹೊತ್ತಿಗೆ ಅವರ ಸರ್ಕಾರ ದೇಶ ಬಿಟ್ಟು ಹೋಗಿ ವರ್ಷವಾಗುತ್ತ ಬಂದಿತ್ತು.

ಪಟ್ಟಿ ಎಂದರೆ ಕಾಗದದ ಮೇಲಿನದೇ ಆಗಬೇಕಿಲ್ಲ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಓದುಬರಹ ಕಲಿತವರಲ್ಲ. ಹಾಲಕ್ಕಿ ಒಕ್ಕಲಿಗ ಸಮುದಾಯದ ಈ ಹೆಣ್ಣುಮಗಳು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ಸೇರಿ ದಶಕಗಳ ಕಾಲ ದುಡಿದರು. ಯಾವ ಮರದ ಬೀಜ ಯಾವಾಗ ಆರಿಸಬೇಕು, ಕಾಡಿನಲ್ಲಿ ಒಂದು ಜಾತಿಯ ತಾಯಿಮರ ಯಾವುದು ಎಂಬುದನ್ನು ಅವರು ನೋಡಿಯೇ ಹೇಳುತ್ತಿದ್ದರು. ನಿವೃತ್ತಿಯ ನಂತರವೂ ಸಸಿ ಬೆಳೆಸುವುದನ್ನು ಬಿಡಲಿಲ್ಲ. 2020ರ ಪದ್ಮಶ್ರೀ ಪ್ರಶಸ್ತಿ ಅವರಿಗೆ ಬಂತು. ಬರಿಗಾಲಿನಲ್ಲಿ ರಾಷ್ಟ್ರಪತಿ ಭವನದಲ್ಲಿ ನಡೆದ ಅವರ ಚಿತ್ರವನ್ನು ನೋಡದವರಿಲ್ಲ. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಬೆಲ್ ಬರೆದಿಟ್ಟ ಗಿಡಗಳ ಹೆಸರನ್ನು ಇಂದು ಯಾರಾದರೂ ತೆಗೆದು ನೋಡಬಹುದು. ತುಳಸಿ ಅಜ್ಜಿಯ ತಲೆಯೊಳಗಿದ್ದುದರಲ್ಲಿ ಎಷ್ಟು ಉಳಿದಿದೆಯೋ ಅದು ಅವರ ಜತೆ ಕೆಲಸ ಮಾಡಿದವರಿಗೆ ಗೊತ್ತು.

ಇನ್ನು ಕೈಗಾದ ವಿಷಯಕ್ಕೆ ಬರೋಣ. ಅದಕ್ಕೆ ಮೊದಲು ಪಕ್ಕದ ಬೇಡ್ತಿ ನದಿಯನ್ನು ನೆನೆಯಬೇಕು. 1970ರ ದಶಕದ ಕೊನೆಗೆ ಬೇಡ್ತಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತಯಾರಿಸುವ ಯೋಜನೆ ಬಂದಾಗ ಶಿರಸಿ, ಯಲ್ಲಾಪುರ ಸೀಮೆಯ ಅಡಿಕೆ ಬೆಳೆಗಾರರು ಘೋಷಣೆ ಕೂಗುವುದರ ಜತೆಗೆ ಇನ್ನೊಂದು ಕೆಲಸ ಮಾಡಿದರು. ಲೆಕ್ಕ ಹಾಕಿದರು. ಮುಳುಗುವ ತೋಟ ಎಷ್ಟು, ಕಾಡು ಎಷ್ಟು, ಅದರ ಬೆಲೆ ಎಷ್ಟು, ಬರುವ ವಿದ್ಯುತ್ತು ಎಷ್ಟು? ಶಿರಸಿಯ ತೋಟಗಾರ್ಸ್ ಸಹಕಾರಿ ಮಾರಾಟ ಸಂಘ ಬೆನ್ನಿಗೆ ನಿಂತು 1981ರ ಜನವರಿಯಲ್ಲಿ ವಿಜ್ಞಾನಿಗಳನ್ನು ಕರೆಸಿ ವಿಚಾರಗೋಷ್ಠಿಯನ್ನೇ ಏರ್ಪಡಿಸಿತು. ಅಡಿಕೆ ಮಾರುವ ಸಂಘವೊಂದು ಅಣೆಕಟ್ಟಿನ ಲಾಭನಷ್ಟದ ತಃಖ್ತೆ ಪರಿಶೀಲಿಸಿದ್ದು ದೇಶದಲ್ಲೇ ಅಪರೂಪದ ಸಂಗತಿ. ಯೋಜನೆ ನಿಂತಿತು. ಎರಡು ವರ್ಷಗಳ ತರುವಾಯ, 1983ರ ಸೆಪ್ಟೆಂಬರ್ 8ರಂದು, ಸಾಲ್ಕಣಿ ಸುತ್ತಿನ ಜನ ಕಳಾಸೆ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಎಂಬ ಕನ್ನಡ ಪದ ದೇಶಕ್ಕೆಲ್ಲ ಗೊತ್ತಾಯಿತು.

ಕೈಗಾದಲ್ಲಿ ಹಾಗಾಗಲಿಲ್ಲ. 1980ರ ದಶಕದ ಮಧ್ಯದಲ್ಲಿ ಅಣು ಸ್ಥಾವರಕ್ಕೆ ಈ ಜಾಗ ಆಯ್ಕೆಯಾದಾಗ ವಿರೋಧ ದೊಡ್ಡದಾಗಿಯೇ ಎದ್ದಿತು. ಹೊನ್ನಾವರ ಸೀಮೆಯಲ್ಲಿ ಬಡವರಿಗೆ ಆಸ್ಪತ್ರೆ ನಡೆಸುತ್ತಿದ್ದ ಡಾ. ಕುಸುಮಾ ಸೊರಬ ಹಳ್ಳಿ ಹಳ್ಳಿ ತಿರುಗಿದರು. ಶಿವರಾಮ ಕಾರಂತರು 1989ರಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ, ಇದೇ ಕ್ಷೇತ್ರದಿಂದ ಲೋಕಸಭೆಗೆ ಪಕ್ಷೇತರರಾಗಿ ನಿಂತರು. ಸೋತರು. ಕಟ್ಟಡದ ಕೆಲಸ ನಡೆಯಿತು. 1994ರ ಮೇ 13ರಂದು ಒಂದನೆಯ ಘಟಕದ ಒಳಗುಮ್ಮಟದ ಕಾಂಕ್ರೀಟು ಕುಸಿಯಿತು. ಆಗಿನ್ನೂ ಇಂಧನ ತುಂಬಿರಲಿಲ್ಲ ಎಂಬುದು ಸಮಾಧಾನ. ಗುಮ್ಮಟವನ್ನು ಮತ್ತೆ ಕಟ್ಟಲಾಯಿತು. 2000ದಲ್ಲಿ ಮೊದಲ ಎರಡು ಘಟಕಗಳು ವಿದ್ಯುತ್ ಮಾರಾಟ ಆರಂಭಿಸಿದವು. ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ. ತಲಾ 220 ಮೆಗಾವಾಟ್.

ಬೇಡ್ತಿಯಲ್ಲಿ ಗೆದ್ದ ಜಿಲ್ಲೆ ಕೈಗಾದಲ್ಲಿ ಏಕೆ ಸೋತಿತು ಎಂಬುದಕ್ಕೆ ಒಂದೇ ಕಾರಣ ಹೇಳುವುದು ತಪ್ಪಾದೀತು. ಅಣುಶಕ್ತಿ ಕೇಂದ್ರ ಸರ್ಕಾರದ ಹಿಡಿತದ ವಿಷಯ. ಅದರ ಸುತ್ತ ಗೋಪ್ಯದ ಗೋಡೆ ಬೇರೆ. ಆದರೆ ಒಂದು ವ್ಯತ್ಯಾಸ ಮಾತ್ರ ಎದ್ದು ಕಾಣುತ್ತದೆ. ಅಡಿಕೆ ತೋಟಕ್ಕೆ ಎಕರೆಗೆ ಇಷ್ಟು ಎಂಬ ಲೆಕ್ಕವಿತ್ತು, ಅದನ್ನು ಬರೆದಿಡುವ ಸಂಘವಿತ್ತು. ಕಾಳಿ ಕಣಿವೆಯ ಕಾಡಿಗೆ ಅಂಥ ಲೆಕ್ಕ ಬರೆದಿಡುವವರು ಯಾರಿದ್ದರು? ‘ಅಮೂಲ್ಯ ಸಸ್ಯ ಮತ್ತು ಪ್ರಾಣಿ ಸಂಪತ್ತು’ ಎಂದು ಭಾಷಣಗಳಲ್ಲಿ ಹೇಳುವುದು ಸುಲಭ. ಅಮೂಲ್ಯ ಎಂದರೆ ಯಾವುದು, ಎಲ್ಲಿ, ಎಷ್ಟು ಎಂದು ಮರುಪ್ರಶ್ನೆ ಬಂದರೆ ಡೇವಿಡ್‌ಸನ್‌ರ ಕಾಲದ ಹಳೆಯ ಪಟ್ಟಿಗಳತ್ತಲೇ ಕೈ ಚಾಚಬೇಕಾಗಿತ್ತು. ವಿಕಿರಣದ ಮಟ್ಟವನ್ನು ಸ್ಥಾವರ ಶುರುವಾಗುವ ಮೊದಲೇ ಅಳೆದಿಡಲು ಅಣುಶಕ್ತಿ ಇಲಾಖೆ ಅಲ್ಲೊಂದು ಪ್ರಯೋಗಾಲಯ ತೆರೆದಿತ್ತು. ಹಕ್ಕಿಗಳ ವಿಷಯದಲ್ಲಿ ಬೀರಬಲನ ಲೆಕ್ಕವೇ ಗತಿ.

ಪತ್ರಿಕೋದ್ಯಮ ಡಿಪ್ಲೊಮಾ ತರಗತಿಯಲ್ಲಿ ನಮಗೆ ಮೊದಲ ದಿನ ಕಲಿಸಿದ್ದು ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಆರು ಪ್ರಶ್ನೆಗಳನ್ನು. ಹಕ್ಕಿ ಎಣಿಸುವವರ ನೋಟ್‌ಬುಕ್ಕು ನೋಡಿದಾಗ ಅದರಲ್ಲಿ ಮೊದಲ ನಾಲ್ಕು ಪ್ರಶ್ನೆಗಳಿಗೆ ನಮಗಿಂತ ಕಟ್ಟುನಿಟ್ಟಾದ ಉತ್ತರವಿರುವುದು ಕಾಣುತ್ತದೆ. ಯಾವ ದಾರಿ, ಎಷ್ಟು ಹೊತ್ತಿಗೆ ಹೊರಟಿದ್ದು, ಎಷ್ಟು ದೂರ ನಡೆದಿದ್ದು, ಎಷ್ಟು ಜನ. ಇದನ್ನೆಲ್ಲ ಬರೆಯದಿದ್ದರೆ ಹಕ್ಕಿಯ ಹೆಸರು ಬರೆದೂ ಉಪಯೋಗವಿಲ್ಲ. ಕಾರಣ ಸರಳ. ಹೋದ ವರ್ಷ ಐವರು ನಡೆದು ನೂರು ಜಾತಿ ಕಂಡು, ಈ ವರ್ಷ ಐವತ್ತು ಜನ ನಡೆದು ನೂರೈವತ್ತು ಕಂಡರೆ ಹೆಚ್ಚಾಗಿದ್ದು ಹಕ್ಕಿಗಳಲ್ಲ, ಕಣ್ಣುಗಳು. ಏಕೆ ಎಂಬ ಐದನೆಯ ಪ್ರಶ್ನೆಗೆ ನೋಟ್‌ಬುಕ್ಕಿನಲ್ಲಿ ಜಾಗವೇ ಇರುವುದಿಲ್ಲ. ಅದಕ್ಕೆ ಹಲವು ವರ್ಷಗಳ ಪಟ್ಟಿಗಳು ಒಟ್ಟಾಗಬೇಕು.

ಕಾಡಿನಲ್ಲಿ ಹಕ್ಕಿ ಎಣಿಸುವುದು ಬಹುಪಾಲು ಕಿವಿಯ ಕೆಲಸ ಎಂಬುದು ಹೊರಗಿನವರಿಗೆ ಅಚ್ಚರಿಯ ಸಂಗತಿ. ನಿತ್ಯಹಸಿರು ಕಾಡಿನ ದಟ್ಟ ಎಲೆಗಳ ನಡುವೆ ಕಾಣುವುದು ಸ್ವಲ್ಪ, ಕೇಳುವುದು ಬಹಳ. ಕುಟ್ರುಹಕ್ಕಿಯ ಕುಟುರ್ ಕುಟುರ್ ಯಾರಿಗಾದರೂ ಗೊತ್ತಾದೀತು. ತೊರೆಯ ಪಕ್ಕದ ಬಂಡೆಗಳ ನಡುವಿನಿಂದ ಕೆಲಸವಿಲ್ಲದ ಹುಡುಗ ಸಿಳ್ಳೆ ಹೊಡೆದಂತೆ ಕೇಳಿದರೆ ಅದು ಸಿಳ್ಳಾರ. ಕಾಜಾಣ ಮಾತ್ರ ಎಣಿಸುವವರ ಶತ್ರು. ಇತರ ಹಕ್ಕಿಗಳ ದನಿಯನ್ನೆಲ್ಲ ಅನುಕರಿಸಿ ಒಂದೇ ಕೊಂಬೆಯಿಂದ ಹತ್ತು ಹಕ್ಕಿಗಳ ಭ್ರಮೆ ಹುಟ್ಟಿಸುತ್ತದೆ. ನನ್ನ ಜ್ಞಾನ ಕಾಗೆ, ಗೊರವಂಕ, ಕೆಂಬೂತ, ಮಿಂಚುಳ್ಳಿ ದಾಟಿ ಹೆಚ್ಚು ದೂರ ಹೋಗುವುದಿಲ್ಲ ಎಂದು ಒಪ್ಪಿಕೊಳ್ಳಲು ಸಂಕೋಚವೇನಿಲ್ಲ. ಆದರೆ ದೊಡ್ಡ ದಾಸಮಂಗಟ್ಟೆಯನ್ನು ಗುರುತಿಸಲು ಯಾವ ಜ್ಞಾನವೂ ಬೇಡ. ಅದು ಹಾರುವಾಗ ರೆಕ್ಕೆಯ ಸದ್ದು ಹಳೆಯ ಉಗಿಬಂಡಿ ಗುಡ್ಡ ಏರುವ ಸದ್ದಿನ ಹಾಗೆ. ಹಕ್ಕಿ ಕಾಣುವ ಮೊದಲೇ ತಲೆ ಎತ್ತುವಂತಾಗುತ್ತದೆ.

ಉತ್ತರ ಕನ್ನಡದ ಕಾಡುಗಳಲ್ಲಿ ನಾಲ್ಕು ಬಗೆಯ ಮಂಗಟ್ಟೆಗಳಿವೆ. ಅವುಗಳ ಸಂಸಾರದ ಕ್ರಮವೇ ವಿಚಿತ್ರ. ಹೆಣ್ಣು ದೊಡ್ಡ ಮರದ ಪೊಟರೆಯೊಳಗೆ ಹೊಕ್ಕು ಬಾಗಿಲನ್ನು ಒಳಗಿನಿಂದ ಮುಚ್ಚಿಕೊಳ್ಳುತ್ತದೆ. ಕೊಕ್ಕಿನಷ್ಟು ಸೀಳು ಮಾತ್ರ ಉಳಿಯುತ್ತದೆ. ಮೊಟ್ಟೆ ಒಡೆದು ಮರಿ ಬೆಳೆಯುವ ವಾರಗಟ್ಟಲೆ ಕಾಲ ಗಂಡು ಆ ಸೀಳಿನ ಮೂಲಕ ಹಣ್ಣು ತಂದುಕೊಡಬೇಕು. ಗಂಡಿಗೆ ಏನಾದರೂ ಆದರೆ ಮನೆಮಂದಿಯೆಲ್ಲ ಉಪವಾಸ. ಇಂಥ ಪೊಟರೆ ಎಳೆಯ ಮರದಲ್ಲಿ ಆಗುವುದಿಲ್ಲ, ತಲೆಮಾರುಗಳಷ್ಟು ಹಳೆಯ ಮರವೇ ಬೇಕು. ಒಂದೇ ಪೊಟರೆಗೆ ವರ್ಷ ವರ್ಷವೂ ಮರಳಿ ಬರುತ್ತವೆ. ತಿಂದ ಹಣ್ಣಿನ ಬೀಜವನ್ನು ಮೈಲುಗಟ್ಟಲೆ ದೂರ ಬೀಳಿಸಿ ಧೂಪ, ರಾಂಪತ್ರೆಯಂಥ ಮರಗಳನ್ನು ಬಿತ್ತುವವೂ ಇವೇ. ಆದ್ದರಿಂದ ಮಂಗಟ್ಟೆ ಇದೆ ಎಂದರೆ ಹಳೆಯ ಮರವಿದೆ, ಹಣ್ಣಿನ ಮರಗಳಿವೆ, ಬೇಟೆ ಹತೋಟಿಯಲ್ಲಿದೆ ಎಂದು ಮೂರು ವಿಷಯ ಒಮ್ಮೆಗೇ ತಿಳಿದಂತೆ.

ಇಲ್ಲೊಂದು ಹೊಂಚು ಇದೆ. ಪಟ್ಟಿಯಲ್ಲಿ ಒಟ್ಟು ಎಷ್ಟು ಜಾತಿ ಎಂದು ಮಾತ್ರ ನೋಡಿದರೆ ಮೋಸಹೋಗುತ್ತೇವೆ. ಕಾಳಿ ನದಿಗೆ ಕದ್ರಾದಲ್ಲಿ 1997ರ ಸುಮಾರಿಗೆ ಅಣೆಕಟ್ಟು ಮುಗಿಯಿತು. ಸ್ಥಾವರಕ್ಕೆ ತಂಪು ನೀರು ಬರುವುದು ಆ ಜಲಾಶಯದಿಂದ. ಬಿಸಿಯಾದ ನೀರು ಹೋಗುವುದೂ ಅಲ್ಲಿಗೇ. ಹಿಂದೆ ನದಿ ಮತ್ತು ಕಾಡು ಇದ್ದಲ್ಲಿ ನಿಂತ ನೀರು ಬಂದರೆ ನೀರುಕಾಗೆ, ಬೆಳ್ಳಕ್ಕಿ ಬರುತ್ತವೆ. ಮಲ್ಲಾಪುರದ ಟೌನ್‌ಶಿಪ್ಪಿನಂತೆ ಹುಲ್ಲುಹಾಸು, ಹೂಗಿಡ, ಬೀದಿದೀಪ ಬಂದರೆ ಗೊರವಂಕ, ಪಿಕಳಾರ, ಪಾರಿವಾಳ ಸೇರುತ್ತವೆ. ಕಾಡಿನ ಒಳಗಷ್ಟೇ ಇರುವ ಐದು ಹಕ್ಕಿ ಹೋಗಿ ಎಲ್ಲೆಡೆ ಇರುವ ಹದಿನೈದು ಹಕ್ಕಿ ಬಂದರೆ ಒಟ್ಟು ಸಂಖ್ಯೆ ಹತ್ತು ಹೆಚ್ಚಾಗುತ್ತದೆ. ವರದಿಯಲ್ಲಿ ‘ಜೀವವೈವಿಧ್ಯ ಹೆಚ್ಚಿದೆ’ ಎಂದು ಬರೆಯಬಹುದು, ಸುಳ್ಳೂ ಅಲ್ಲ. ಆದರೆ ಹೋದ ಐದಕ್ಕೆ ಹೋಗಲು ಬೇರೆ ಜಾಗವಿಲ್ಲ, ಬಂದ ಹದಿನೈದಕ್ಕೆ ದೇಶವೆಲ್ಲ ಜಾಗವಿದೆ. ಹೀಗಾಗಿ ಪಟ್ಟಿಯ ಕೊನೆಯ ಮೊತ್ತಕ್ಕಿಂತ ಅದರ ಒಂದೊಂದು ಸಾಲು ಮುಖ್ಯ.

ಅಣು ಸ್ಥಾವರದ ಸುತ್ತ ಜನವಸತಿ ಇರಕೂಡದ ನಿಷೇಧಿತ ವಲಯವೊಂದು ಇರುತ್ತದೆ. ಸಾಮಾನ್ಯ ನಿಯಮದಂತೆ ಕನಿಷ್ಠ ಒಂದೂವರೆ ಕಿಲೋಮೀಟರ್ ತ್ರಿಜ್ಯದವರೆಗೆ ಅದು ಚಾಚುತ್ತಿತ್ತು. ಜನರನ್ನು ಅಪಾಯದಿಂದ ದೂರವಿಡಲು ಮಾಡಿದ ವ್ಯವಸ್ಥೆ. ಕೊಡಲಿ, ಕೋವಿ, ದನಕರು ಯಾವುದೂ ಅಲ್ಲಿಗೆ ಬರುವಂತಿಲ್ಲವಾದ್ದರಿಂದ ಕಾಡು ತನ್ನಷ್ಟಕ್ಕೆ ಬೆಳೆಯುತ್ತದೆ. ನಿಗಮದ ಪರಿಸರ ಕಾರ್ಯಕ್ರಮ ಶುರುವಾಗಿದ್ದೇ ಈ ವಲಯಗಳನ್ನು ಅಧ್ಯಯನ ಮಾಡಲು. ಕೈಗಾದ ಬಲಕ್ಕೆ ಅಣಶಿ-ದಾಂಡೇಲಿಯ ಕಾಡು ಬೇರೆ ಇದೆ. 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಅದಕ್ಕೆ 2015ರಿಂದ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎಂದು ಹೆಸರು. ಹಕ್ಕಿಗಳಿಗೆ ಬೇಲಿ ಇಲ್ಲದ್ದರಿಂದ ಎರಡೂ ಕಡೆ ಅವು ಓಡಾಡುತ್ತವೆ. ಆದರೆ ಆ ನಿರ್ಜನತೆ ಬಂದಿದ್ದು ಅಲ್ಲಿದ್ದ ಜನ ಎದ್ದುಹೋಗಿದ್ದರಿಂದ ಎಂಬುದನ್ನೂ ನೆನಪಿಡಬೇಕು. ಕದ್ರಾ, ಕೊಡಸಳ್ಳಿ ಅಣೆಕಟ್ಟು, ಕೈಗಾ, ಕರಾವಳಿಯಲ್ಲಿ ನೌಕಾನೆಲೆ ಹೀಗೆ ಒಂದಾದ ಮೇಲೊಂದು ಯೋಜನೆಗೆ ಮನೆ ಬಿಟ್ಟವರು ಈ ಸೀಮೆಯಲ್ಲಿ ಸಾವಿರಾರು. ಮಂಗಟ್ಟೆಗೆ ಸಿಕ್ಕ ನೆಮ್ಮದಿಯ ಬಗ್ಗೆ ಅವರ ಮುಂದೆ ಮಾತಾಡುವಾಗ ದನಿ ತಗ್ಗಿಸಬೇಕಾಗುತ್ತದೆ.

ಸ್ಥಾವರದ ನೌಕರರೇ ಸ್ಥಾವರದ ಸುತ್ತಲಿನ ಹಕ್ಕಿ ಎಣಿಸಿದರೆ ಅದನ್ನು ನಂಬುವುದು ಹೇಗೆ? ಕೇಳಲೇಬೇಕಾದ ಪ್ರಶ್ನೆ ಇದು. 2009ರ ನವೆಂಬರ್‌ನಲ್ಲಿ ನೌಕರರು ಕುಡಿಯುವ ನೀರಿನ ಕೂಲರ್‌ಗೆ ಟ್ರೀಷಿಯಂ ಸೇರಿದ ಪ್ರಕರಣ ನಡೆದ ಜಾಗ ಇದು. ಒಂದನೆಯ ಘಟಕ 2018ರ ಡಿಸೆಂಬರ್ ಕೊನೆಯವರೆಗೆ 962 ದಿನ ಒಂದೇ ಸಮನೆ ಓಡಿ ಜಾಗತಿಕ ದಾಖಲೆ ಮಾಡಿದ ಜಾಗವೂ ಇದೇ. ಹಕ್ಕಿಗಳ ಪಟ್ಟಿ ಈ ಎರಡರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಕಾಜಾಣ ಹಾಡುತ್ತಿದೆ ಎಂಬುದು ಸುರಕ್ಷತೆಯ ಪ್ರಮಾಣಪತ್ರವಲ್ಲ. ಹಾಗೆ ಬಳಸಿದರೆ ಅದು ಎಣಿಸಿದವರಿಗೇ ಅವಮಾನ. ಆದರೆ ಪಟ್ಟಿಗೆ ಒಂದು ಗುಣವಿದೆ. ಪ್ರಕಟವಾದ ಮೇಲೆ ಅದಕ್ಕೆ ಯಜಮಾನರಿಲ್ಲ. ಸ್ಥಾವರದ ದುಡ್ಡಿನಲ್ಲಿ ಮಾಡಿದ ಪಟ್ಟಿಯನ್ನು ಸ್ಥಾವರದ ವಿರುದ್ಧವೂ ಹಿಡಿದು ನಿಲ್ಲಬಹುದು. ಇಂಥ ಜಾತಿಯ ಹಕ್ಕಿ ಇಲ್ಲಿ ಗೂಡು ಕಟ್ಟುತ್ತದೆ ಎಂದು ನೀವೇ ಬರೆದಿದ್ದೀರಿ, ಹಾಗಾದರೆ ಈ ಮರ ಕಡಿಯುವುದು ಹೇಗೆ ಎಂದು ಕೇಳಬಹುದು.

ಇದು ಬರೀ ಊಹೆಯ ಮಾತಲ್ಲ. ಕೈಗಾದಲ್ಲಿ ತಲಾ 700 ಮೆಗಾವಾಟಿನ ಐದು ಮತ್ತು ಆರನೆಯ ಘಟಕಗಳಿಗಾಗಿ 2018ರ ಡಿಸೆಂಬರ್‌ನಲ್ಲಿ ಮಲ್ಲಾಪುರದಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ವಿರೋಧದ ದನಿಗಳೇ ಜೋರಾಗಿದ್ದವು. ಮರುವರ್ಷ ಕೇಂದ್ರ ಪರಿಸರ ಸಚಿವಾಲಯದ ಅನುಮತಿ ಸಿಕ್ಕಿತು. ಸಾವಿರಾರು ಮರಗಳು ಕಡಿಯುವ ಪಟ್ಟಿಗೆ ಸೇರಿದ್ದವು. ಮರಗಳ ಪಟ್ಟಿ ಸರ್ಕಾರ ಮಾಡುತ್ತದೆ, ಅದಕ್ಕೆ ನಂಬರು ಹೊಡೆಯುವವರಿದ್ದಾರೆ. ಆ ಮರಗಳ ಪೊಟರೆಯಲ್ಲಿ ಇದ್ದವರ ಪಟ್ಟಿಯನ್ನು ಯಾರಾದರೂ ಬಿಡುವಿನಲ್ಲಿ ಮಾಡಿರಬೇಕಷ್ಟೆ.

ಬಿಡುವಿನಲ್ಲಿ ಮಾಡಿದ ಪಟ್ಟಿಗಳಿಂದ ಏನಾದೀತು ಎಂಬುದಕ್ಕೆ ದೇಶದ ಮಟ್ಟದ ಉದಾಹರಣೆಯೊಂದಿದೆ. ‘ಭಾರತದ ಹಕ್ಕಿಗಳ ಸ್ಥಿತಿಗತಿ’ ಎಂಬ ವರದಿ ಮೊದಲ ಬಾರಿ 2020ರಲ್ಲಿ, ಎರಡನೆಯ ಬಾರಿ 2023ರಲ್ಲಿ ಬಂತು. ಎರಡನೆಯದರಲ್ಲಿ 942 ಜಾತಿಗಳ ವಿಚಾರವಿದೆ. ಅದಕ್ಕೆ ಆಧಾರ ಸುಮಾರು 30,000 ಹವ್ಯಾಸಿಗಳು ‘ಇ-ಬರ್ಡ್’ ಎಂಬ ಸಾರ್ವಜನಿಕ ದಫ್ತರಕ್ಕೆ ಕಳುಹಿಸಿದ ಸುಮಾರು 3 ಕೋಟಿ ದಾಖಲೆಗಳು. ಅವರಲ್ಲಿ ಬ್ಯಾಂಕ್ ನೌಕರರು, ಶಾಲಾ ಮಾಸ್ತರರು, ಗೃಹಿಣಿಯರು, ಕಾಲೇಜು ಹುಡುಗರು ಎಲ್ಲರೂ ಇದ್ದಾರೆ. ಈ ಲೆಕ್ಕದಲ್ಲಿ 178 ಜಾತಿಗಳ ಬಗ್ಗೆ ತೀವ್ರ ಕಾಳಜಿ ವಹಿಸಬೇಕೆಂದು ಕಂಡುಬಂತು. ಪಶ್ಚಿಮಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದ, ಕೈಗಾ ಕಾಡಿನಲ್ಲಿ ಗಹಗಹಿಸಿ ನಕ್ಕಂತೆ ಕೂಗುವ ಮಲಬಾರ್ ಬೂದು ಮಂಗಟ್ಟೆ ಬಹಳ ಕಾಲ ಚಿಂತೆಯಿಲ್ಲದ ಹಕ್ಕಿ ಎಂದೇ ಎಣಿಕೆಯಾಗಿತ್ತು. 2020ರಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು ಅಪಾಯದಂಚಿನ ವರ್ಗಕ್ಕೆ ಸೇರಿತು. ಕಾಡಿಗೆ ಒಮ್ಮೆ ಹೋಗಿಬಂದವರಿಗೆ ಅದು ಕಡಿಮೆಯಾಗಿದ್ದು ಗೊತ್ತಾಗುವಂತಿರಲಿಲ್ಲ. ಹೋದಾಗಲೆಲ್ಲ ಅದರ ನಗು ಕೇಳಿಯೇ ಕೇಳುತ್ತಿತ್ತು. ಗೊತ್ತಾಗಿದ್ದು ವರ್ಷ ವರ್ಷದ ಸಾಲುಗಳನ್ನು ಒಂದರ ಕೆಳಗೊಂದು ಜೋಡಿಸಿ ನೋಡಿದಾಗ.

ಹೊಸಬರು ಮಾಡುವ ತಪ್ಪು ಒಂದೇ ಎಂದು ಅನುಭವಿಗಳು ಹೇಳುತ್ತಾರೆ. ಅಪರೂಪದ್ದನ್ನು ಮಾತ್ರ ಬರೆಯುವುದು. ನವರಂಗ ಕಂಡರೆ ದೊಡ್ಡ ಅಕ್ಷರದಲ್ಲಿ ಬರೆಯುತ್ತಾರೆ, ಕಾಗೆ ಕಂಡರೆ ಬಿಟ್ಟುಬಿಡುತ್ತಾರೆ. ಆದರೆ ನಮ್ಮ ಕಣ್ಣೆದುರೇ ಊರು ಊರುಗಳಿಂದ ರಣಹದ್ದುಗಳು ಮಾಯವಾದವು. 1980ರ ದಶಕದಲ್ಲಿ ಅವು ಕಾಗೆಯಷ್ಟೇ ಸಾಮಾನ್ಯವಾಗಿದ್ದರಿಂದ ಬಹುತೇಕ ಊರುಗಳಲ್ಲಿ ಅವನ್ನು ಎಣಿಸಿದವರೇ ಇರಲಿಲ್ಲ. ಹಾಗಾಗಿ ಎಷ್ಟು ಕಳೆದುಕೊಂಡೆವು ಎಂದು ಆ ಊರುಗಳು ಹೇಳಲಾರವು.

ಪ್ರತಿ ವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಮನೆಯಂಗಳದ ಹಕ್ಕಿಗಳನ್ನು ಎಣಿಸುವ ಕಾರ್ಯಕ್ರಮ ನಡೆಯುತ್ತದೆ. ಅಮೆರಿಕದಲ್ಲಿ 1998ರಲ್ಲಿ ಶುರುವಾದದ್ದು, ಭಾರತ 2013ರಿಂದ ಪಾಲ್ಗೊಳ್ಳುತ್ತಿದೆ. ಕೈಗಾ ಕಾಡಿಗೇ ಹೋಗಬೇಕೆಂದಿಲ್ಲ. ಕಾರವಾರದ ಕಡಲತೀರವೂ ಆದೀತು, ಅಂಕೋಲೆಯ ಬಸ್‌ಸ್ಟ್ಯಾಂಡಿನ ಆಲದ ಮರವೂ ಆದೀತು, ಹಿತ್ತಲಿನ ಪಪ್ಪಾಯಿ ಗಿಡವೂ ಆದೀತು. ಕನಿಷ್ಠ ಹದಿನೈದು ನಿಮಿಷ ಒಂದೆಡೆ ನಿಂತು ಕಂಡದ್ದನ್ನೆಲ್ಲ, ಕಾಗೆಯನ್ನೂ ಸೇರಿಸಿ, ಜಾಗ ಮತ್ತು ಹೊತ್ತಿನ ಸಮೇತ ಬರೆದು ಕಳುಹಿಸಬೇಕು. ಗುರುತು ಸಿಗದ ಹಕ್ಕಿಯ ಹೆಸರನ್ನು ಊಹಿಸಿ ಬರೆಯುವುದಕ್ಕಿಂತ ಬಿಟ್ಟುಬಿಡುವುದು ಮೇಲು ಎಂದು ಬಲ್ಲವರು ಹೇಳುತ್ತಾರೆ. ಬೀರಬಲನಂತೆ ಮಾಡಬಾರದು ಎಂದರ್ಥ.